ಗಡಿಕಲ್ಲು ದಾಟಿದ ಅಂತರಗಂಗೆ

ತಿಮ್ಮೇಶನ ತಾಪತ್ರಯ ಶುರುವಾದದ್ದು ನಾಗರಾಜುವಿನ ಕನ್ನಡಕದಿಂದ. ಪಂಚಾಯ್ತಿಯ ಬಿಲ್ ಕಲೆಕ್ಟರ್ ನಾಗರಾಜು ಅಂದು ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದ. ಮೇಲಿನಿಂದ ಬಂದ ಕಾಗದದಲ್ಲಿ ದಪ್ಪಕ್ಷರದ ಎರಡು ಸಾಲು ಓದಿ, ಸಣ್ಣಕ್ಷರದ ಒಂದು ಪುಟವನ್ನು ಹಾಗೇ ಮಡಚಿಟ್ಟು, ಬೆಳಿಗ್ಗೆ ಎಂಟಕ್ಕೇ ಫೋನು ಮಾಡಿದ.

“ಸಂಜೆ ನಾಕ್ ಗಂಟ್ಗೆ ಮೇಡಮ್ಮು ನಿನ್ ಕೆರೆಗೆ ಬತ್ತಾವ್ರೆ ಕಣ್ಲಾ ತಿಮ್ಮೇಶ. ಅಂತರಗಂಗೆ ನೋಡಕ್ಕಂತೆ. ಅದೇನ್ ಮಾಡ್ಕತಿಯೋ ಮಾಡ್ಕೋ.”

ಅಧಿಕಾರಿಗಳು ಏನಾದರೂ ನೋಡಲು ಬರುತ್ತಾರೆಂದರೆ, ಅವರು ಬರುವಷ್ಟರಲ್ಲಿ ಅದು ಅಲ್ಲಿ ಇರಬಾರದು. ನಮ್ಮ ಸೀಮೆಯ ಮಗುವಿಗೂ ಇಷ್ಟು ಗೊತ್ತು. ಚರಂಡಿ ನೋಡಲು ಬಂದರೆ ಬ್ಲೀಚಿಂಗ್ ಪೌಡರು, ಶಾಲೆ ನೋಡಲು ಬಂದರೆ ಸುಣ್ಣ. ಆದರೆ ನೀರಿನ ಮೇಲೆ ಹಬ್ಬಿದ ಎಂಟು ಎಕರೆ ಅಂತರಗಂಗೆ ಕಳೆಗೆ ಏನು ಬಳಿಯುವುದು? ತಿಮ್ಮೇಶ ಹನ್ನೊಂದು ವರ್ಷದಿಂದ ಆ ಕೆರೆಯ ನೀರುಗಂಟಿ, ಅದೂ ಟೆಂಪರ್‍ವರಿ. ಇವತ್ತು ಕಳೆ ಕಣ್ಣಿಗೆ ಬಿದ್ದರೆ ಟೆಂಪರ್‍ವರಿಯೂ ಹೋಗುತ್ತದೆ. ಅವನು ಹೆಂಡತಿ ಹೇಮ ಬಡಿಸಿದ ರಾಗಿರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ನೇರ ಕೆರೆಗೆ ಹೋದ. ಅದರ ಮೂಡಲ ಅರ್ಧ ಪಾಂಡವಪುರ ತಾಲ್ಲೂಕು, ಪಡುವಲ ಅರ್ಧ ಕೆ.ಆರ್.ಪೇಟೆ ತಾಲ್ಲೂಕು, ನಟ್ಟನಡುವೆ ಒಂದು ಗಡಿಕಲ್ಲು. ದಿನಾ ಸಂಜೆ ಬೀಸುವ ಪಡುವಣ ಗಾಳಿ ಇದ್ದಬದ್ದ ಅಂತರಗಂಗೆಯನ್ನೆಲ್ಲ ತಿಮ್ಮೇಶನ ಮೂಡಲ ದಡಕ್ಕೇ ತಂದು ಒತ್ತುತ್ತಿತ್ತು. ಅತ್ತಕಡೆ ತಿಳಿನೀರು, ಇತ್ತಕಡೆ ನೀರೇ ಕಾಣದ ಹಸಿರು ಚಾಪೆ. ಅದರ ಮೇಲೆ ನೇರಳೆ ಹೂವು ಬೇರೆ ನಗುತ್ತಾ ಕೂತಿತ್ತು. ಅತ್ತಕಡೆಯ ನೀರುಗಂಟಿ ಹೊನ್ನಪ್ಪ ತಿಮ್ಮೇಶನ ಸ್ವಂತ ಮಾವ, ಹೇಮಳ ಅಪ್ಪ.

ಎಳೆದು ದಡಕ್ಕೆ ಹಾಕಲು ತಿಂಗಳಾದರೂ ಸಾಲದು. ಆಗ ರಿಟೈರ್ಡ್ ಮೇಷ್ಟ್ರು ಚೌಡಯ್ಯನವರು ಉಪಾಯ ಹೇಳಿದರು. ಯಾರೂ ಕೇಳದಿದ್ದರೂ ಉಪಾಯ ಹೇಳುವವರು ಅವರು. ಗಾಳಿ ಏಳುವುದು ಐದರ ಮೇಲೆ, ಮೇಡಂ ಬರುವುದು ನಾಲ್ಕಕ್ಕೆ, ಅಷ್ಟರಲ್ಲಿ ಕಳೆಯನ್ನು ಗಡಿಕಲ್ಲಿನಾಚೆ ತಳ್ಳಿಬಿಡು, ತಾಲ್ಲೂಕೇ ಬೇರೆಯಾದ ಮೇಲೆ ನಿನ್ನನ್ನು ಕೇಳುವವರು ಯಾರು, ಎಂದರು.

ಹಳೆಯ ಡ್ರಿಪ್ ಪೈಪುಗಳನ್ನು ಒಂದಕ್ಕೊಂದು ಕಟ್ಟಿ ಕೆರೆಯಗಲಕ್ಕೂ ಹಾಸಿದರು. ಎರಡು ತುದಿಗೂ ಹಗ್ಗ ಬಿಗಿದು, ಬಡಗಲ ದಡದಲ್ಲಿ ಎಂಟು ಜನ, ತೆಂಕಲ ದಡದಲ್ಲಿ ಎಂಟು ಜನ ಎಳೆಯತೊಡಗಿದರು. ಚೌಡಯ್ಯನವರು ಏರಿಯ ಮೇಲೆ ನಿಂತು ಡ್ರಿಲ್ಲಿನ ಸೀಟಿ ಊದಿದರು. ಒಂದು ಊದಿದರೆ ಎಳೆಯಬೇಕು, ಎರಡು ಊದಿದರೆ ನಿಲ್ಲಬೇಕು. ಉಸಿರು ಸಾಲದೆ ಒಂದೊಂದು ಸಲ ಒಂದೂವರೆ ಊದಿ, ಅರ್ಧ ಜನ ಎಳೆದು ಅರ್ಧ ಜನ ನಿಂತು, ತಿಮ್ಮೇಶ ಎರಡು ಸಲ ಕೆಸರಿಗೆ ಬಿದ್ದ. ಹನ್ನೆರಡಕ್ಕೆ ಪೈಪು ಕಿತ್ತುಬಂತು. ಒಂದಕ್ಕೆ ತೆಂಕಲ ದಡದವರು ಊಟಕ್ಕೆ ಹೋಗಿ, ಒಬ್ಬೊಬ್ಬರನ್ನೂ ಮನೆಯಿಂದ ಕರೆದು ತರಬೇಕಾಯಿತು. ಹಾಲಿನ ಡೈರಿಯ ಸಿದ್ದಲಿಂಗಮ್ಮ ಕ್ಯಾನು ಕೆಳಗಿಟ್ಟು, ಇಷ್ಟು ಮೈಬಗ್ಗಿಸಿ ಹನ್ನೊಂದು ವರ್ಷ ದಿನಕ್ಕೊಂದು ಬುಟ್ಟಿ ಕಿತ್ತಿದ್ದರೂ ಕೆರೆ ಇವತ್ತು ಕನ್ನಡಿಯಾಗಿರುತ್ತಿತ್ತು ಎಂದು ಹೇಳಿ ಹೋದಳು. ಮಾತು ನಿಜವಾದ್ದರಿಂದ ತಿಮ್ಮೇಶನಿಗೆ ಸಿಟ್ಟು ಬಂತು.

ಹಸಿರು ಚಾಪೆ ಗಡಿಕಲ್ಲು ಮುಟ್ಟಿದಾಗ ಆಚೆ ದಡದಲ್ಲಿ ಹೊನ್ನಪ್ಪ ಟವಲು ಕೊಡವುತ್ತಾ ಪ್ರತ್ಯಕ್ಷನಾದ.

“ಅಳೀಮಯ್ಯ, ಇದೇನು ನಿಮ್ಮೂರ್ ಕಸ್ವ ನಮ್ಮೂರ್ಗೆ ತುಂಬ್ತಾ ಇದ್ದೀರಿ?”

ತಿಮ್ಮೇಶ ಈ ಮಾತಿಗೇ ಕಾದಿದ್ದ. ಹಿಂದೆ ಮೀನಿನ ಜಗಳವಾದಾಗ ಎರಡೂ ಊರಿನ ಯಜಮಾನರು ಕೂತು, ಗಡಿಕಲ್ಲು ದಾಟಿ ಮೀನು ಯಾವ ಕಡೆಗೆ ಹೋದರೆ ಆ ಕಡೆಯವರದು ಎಂದು ತೀರ್ಮಾನ ಮಾಡಿದ್ದರು. ಹೋದ ಯುಗಾದಿಯಲ್ಲಿ ತಿಮ್ಮೇಶನ ಬಲೆ ಹರಿದುಕೊಂಡು ಹೋದ ಆರು ಕೆಜಿಯ ಕಾಟ್ಲಾ ಮೀನನ್ನು ಹೊನ್ನಪ್ಪ ಇದೇ ಕಾನೂನು ಹೇಳಿ ಸಾರು ಮಾಡಿಸಿಕೊಂಡು ಉಂಡಿದ್ದ. ಅಳಿಯನಿಗೆ ಒಂದು ತುಂಡೂ ಕಳಿಸಿರಲಿಲ್ಲ. ಆ ಸಂಕಟ ಇನ್ನೂ ಹಸಿಯಾಗಿತ್ತು.

“ಕಲ್ ದಾಟುದ್ದು ಆ ಕಡೆಯೋರ್ದು ಅಂತ ನೀವೇ ಏಳಿದ್ರಲ್ಲಾ ಮಾವ. ಮೀನ್ಗೊಂದು ಕಳೇಗೊಂದು ನ್ಯಾಯ ಇದ್ದದಾ?”

ಮೂರೂಮುಕ್ಕಾಲಿಗೆ ಕೊನೆಯ ಗಿಡವೂ ಕಲ್ಲು ದಾಟಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ತಿಮ್ಮೇಶನ ಕೆರೆಯಲ್ಲಿ ಮೋಡ ಕಂಡಿತು. ಅವನು ಕೆಸರು ತೊಳೆದುಕೊಂಡು, ಒಗೆದ ಶರ್ಟು ಹಾಕಿಕೊಂಡು, ಕಾಲು ನಿಂತಲ್ಲಿ ನಿಲ್ಲದೆ ಏರಿಯ ಮೇಲೆ ಅತ್ತಿಂದಿತ್ತ ಓಡಾಡಿದ.

ಸರಿಯಾಗಿ ನಾಲ್ಕಕ್ಕೆ ಜೀಪು ಬಂತು. ಜಿಲ್ಲಾ ಕಚೇರಿಯ ಸುನಿತಾ ಮೇಡಂ ಇಳಿದು ಕೆರೆ ನೋಡಿದರು, ಕೈಯಲ್ಲಿದ್ದ ಕಾಗದ ನೋಡಿದರು, ಮತ್ತೆ ಕೆರೆ ನೋಡಿದರು.

“ಅಂತರಗಂಗೆ ಎಲ್ಲಿ?”

“ಒಂದ್ ಗಿಡಾನೂ ಇಲ್ಲ ಮೇಡಂ,” ಎಂದ ತಿಮ್ಮೇಶ, ಎದೆಯುಬ್ಬಿಸಿ.

ಮೇಡಂ ಹಣೆ ಒತ್ತಿಕೊಂಡರು. ಜೀಪಿನಲ್ಲಿ ಎರಡು ಡಬ್ಬಿ ಹುಳುಗಳಿದ್ದವು, ಅಕ್ಕಿಹುಳುವಿಗಿಂತ ಒಂದಿಷ್ಟು ದೊಡ್ಡವು. ಅವು ಅಂತರಗಂಗೆ ಬಿಟ್ಟು ಇನ್ನೇನನ್ನೂ ತಿನ್ನುವುದಿಲ್ಲ, ಐದು ಗಂಟೆಯೊಳಗೆ ಬಿಡದಿದ್ದರೆ ಸಾಯುತ್ತವೆ. ಎರಡು ತಾಲ್ಲೂಕೂ ಸೇರಿ ಕೆರೆ ಉಳಿಸುವ ಯೋಜನೆಯಂತೆ. ಕಳೆ ಒತ್ತಾಗಿರುವ ದಡದಲ್ಲಿ ಎರಡು ಗುಂಟೆಗೆ ಬಲೆ ಕಟ್ಟಿ ಹುಳು ಸಾಕಬೇಕು, ಮರಿಯಾದಂತೆ ಆಚೆಗೆ ಬಿಡಬೇಕು, ಕಳೆ ಸತ್ತ ಕಡೆ ಜೊಂಡು ನೆಟ್ಟು ನೀರುಕೋಳಿಗಳನ್ನು ಮತ್ತೆ ಕರೆಸಬೇಕು. ಇದನ್ನೆಲ್ಲ ನೋಡಿಕೊಳ್ಳಲು ಅದೇ ದಡದ ನೀರುಗಂಟಿಗೆ ಕಾಯಂ ಕೆಲಸ. ಕಾಗದದಲ್ಲಿ ತಿಮ್ಮೇಶನ ಹೆಸರೇ ಬರೆದಿತ್ತು. ಎಲ್ಲವೂ ಆ ಸಣ್ಣಕ್ಷರದ ಪುಟದಲ್ಲಿತ್ತು.

ತಿಮ್ಮೇಶ ದಡದುದ್ದಕ್ಕೂ ಓಡಿ ಮಾವನ ಮುಂದೆ ನಿಂತ. ಚಪ್ಪಲಿ ಒಂದು ಕಡೆ, ಟವಲು ಒಂದು ಕಡೆ. “ಮಾವ, ಎರಡೇ ಎರಡು ಗುಂಟೆ ಕಳೆ ವಾಪಸ್ ಕೊಡಿ. ನಿಮ್ ಕಾಲ್ಗೆ ಬೀಳ್ತೀನಿ.”

ಅಷ್ಟರಲ್ಲಿ ಚೌಡಯ್ಯನವರು ಮೇಡಮ್ಮನ್ನು ಅದೇ ಜೀಪಿನಲ್ಲಿ ಕೂರಿಸಿಕೊಂಡು, ದಾರಿಯುದ್ದಕ್ಕೂ ವಿಷಯವನ್ನೆಲ್ಲ ಫೋನಿನಲ್ಲಿ ಹೊನ್ನಪ್ಪನಿಗೆ ವಿವರಿಸಿ, ಪಡುವಲ ದಡಕ್ಕೆ ತಂದಿಳಿಸಿದ್ದರು. ಹೊನ್ನಪ್ಪ ಅಂತರಗಂಗೆಯನ್ನು ಮನೆಯ ಹಸುವಿನ ಮೈ ಸವರುವಂತೆ ಸವರುತ್ತಾ ನಿಂತಿದ್ದ.

“ಕಲ್ ದಾಟ್ಬುಟ್ಟದೆ ಅಳೀಮಯ್ಯ,” ಎಂದ ಮೆತ್ತಗೆ. “ನೀವೇ ಏಳಿದ್ರಲ್ಲ.”

ಬಲೆ ಕಟ್ಟಿದರು, ಹುಳು ಬಿಟ್ಟರು. ಮೇಡಂ ಕಾಗದದಲ್ಲಿ ತಿಮ್ಮೇಶನ ಹೆಸರಿನ ಮೇಲೆ ಗೀಟು ಎಳೆದು ಹೊನ್ನಪ್ಪನ ಹೆಸರು ಬರೆದು, ಬೇಸರದಲ್ಲೇ ತಿಮ್ಮೇಶನ ಕೈಕುಲುಕಿ ಹೊರಟರು. ಜೀಪಿನ ಧೂಳು ಇನ್ನೂ ಅಡಗಿರಲಿಲ್ಲ, ಪಡುವಣ ಗಾಳಿ ಎದ್ದಿತು. ಬಲೆಯೊಳಗಿನ ಎರಡು ಗುಂಟೆ ಬಿಟ್ಟು ಉಳಿದ ಅಂತರಗಂಗೆಯೆಲ್ಲ ಹೂವು ಅಲ್ಲಾಡಿಸುತ್ತಾ ತನ್ನ ಹಳೆಯ ಜಾಗಕ್ಕೆ ಹೊರಟಿತು.

ತಿಮ್ಮೇಶ ಹೊತ್ತು ಮುಳುಗುವಾಗ ಮನೆ ಸೇರಿದರೆ ಹೇಮ ಪಾಯಸಕ್ಕೆ ಬೆಲ್ಲ ಕುಟ್ಟುತ್ತಿದ್ದಳು. ಅಪ್ಪನಿಗೆ ಈ ವಯಸ್ಸಿನಲ್ಲಿ ಕಾಯಂ ಕೆಲಸವಾಯಿತೆಂದು ಅವಳ ಕಣ್ಣಲ್ಲಿ ನೀರು. ಅವನು ಜಗಲಿಯಲ್ಲಿ ಕೂತು ಮಾವನಿಗೆ ಫೋನು ಮಾಡಿದ.

“ಮಾವ, ನಿಮ್ ಕಳೆ ಎಲ್ಲಾ ಈ ಕಡೀಕ್ ಬತ್ತಾ ಅದೆ.”

“ಕಲ್ ದಾಟ್ತಾ?”

“ದಾಟ್ತು.”

“ಅಂಗಾರೆ ನಿಮ್ದು,” ಎಂದ ಹೊನ್ನಪ್ಪ. “ದಿನುಕ್ಕೊಂದ್ ಬುಟ್ಟಿ ಕಿತ್ತು ಈ ಕಡೆ ತಂದ್ಕೊಡ್ತಾ ಇರಿ. ನಮ್ ಹುಳುಗೊಳ್ಗೆ ಮೇವಾಯ್ತದೆ.”