ಅಕ್ಕನ ತೋಳಿನ ಪಟ್ಟಿ

ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಮೆಡಿಕಲ್ ಸ್ಟೋರಿನಲ್ಲಿ ಔಷಧಿ ಕೊಡುವ ಕೆಲಸ ನನ್ನದು. ಇಲ್ಲಿ ನಿಂತವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನನ್ನ ಕಷ್ಟವೇನೆಂದರೆ, ನಾನು ಹುಟ್ಟಾ ಪುಕ್ಕಲ. ಮೊದಲು ಹೆದರಿ, ಬೆವರು ಒರೆಸಿಕೊಂಡು, ಆಮೇಲೆಯೇ ನನಗೆ ನಗು ಬರುವುದು. ಈಚೆಗೆ ನನ್ನನ್ನು ಹೀಗೆ ಹೆದರಿಸಿದ್ದು ಚರ್ಮಕ್ಕೆ ಅಂಟಿಸಿಕೊಳ್ಳುವ ವಿಟಮಿನ್ ಪಟ್ಟಿ.

೧. ವಂದರಿ

ನಮ್ಮ ಅಕ್ಕ ಕಣಕಟ್ಟೆ ಶಾಲೆಯಲ್ಲಿ ಟೀಚರ್, ಇರುವುದು ನಮ್ಮ ಜೊತೆಯಲ್ಲೇ. ಪಾದ ಜೋಮು ಹಿಡಿಯುತ್ತದೆಂದು ರಕ್ತ ಪರೀಕ್ಷೆ ಮಾಡಿಸಿದರೆ ಬಿ-12 ತೀರಾ ಕಡಿಮೆ. ಡಾಕ್ಟರು ಇಂಜೆಕ್ಷನ್ ಬರೆದು, ಅಸಡ್ಡೆ ಮಾಡಿದರೆ ನರಕ್ಕೆ ಪೆಟ್ಟು ಎಂದರು. ಅಕ್ಕನಿಗೋ ಸೂಜಿ ಎಂದರೆ ಕೈಕಾಲು ತಣ್ಣಗಾಗುತ್ತದೆ. ಅದೇ ವಾರ ಅಂಗಡಿಗೆ ಬಿ-12 ಪಟ್ಟಿ ಬಂತು. ಹಿಂದೆ ಮುಂದೆ ನೋಡದೆ ಮೊದಲ ಪೊಟ್ಟಣ ತಂದುಕೊಟ್ಟವನು ನಾನೇ. ಅವಳು ತೋಳಿಗೆ ಪಟ್ಟಿ ಹಚ್ಚಿಕೊಂಡು ಇಂಜೆಕ್ಷನ್ ಚೀಟಿಯನ್ನು ಡಬ್ಬಿಗೆ ಸೇರಿಸಿಬಿಟ್ಟಳು.

ಆಮೇಲೆ ಓದಿ ನೋಡಿದೆ. ಚರ್ಮದ ಮೇಲ್ಪದರ ಸತ್ತ ಜೀವಕೋಶಗಳ ಗೋಡೆ, ಸಂದುಗಳಲ್ಲೆಲ್ಲ ಕೊಬ್ಬು. ತೀರಾ ಸಣ್ಣದಾಗಿದ್ದು, ಕೊಬ್ಬಿನ ಜೊತೆ ಹೊಂದಿಕೊಳ್ಳುವ ಅಣುವಾದರೆ ದಾಟುತ್ತದೆ. ಕೆಲವು ನೋವಿನ ಔಷಧಿಗಳು ಹಾಗೆ ಇಳಿಯುತ್ತವೆ. ಬಿ-12 ದೊಡ್ಡದು, ಅದರ ಸ್ನೇಹವೆಲ್ಲ ನೀರಿನ ಜೊತೆ. ಅದು ದಾಟುವುದು ನಂಬುವ ಮಾತಲ್ಲ. ಅಂಗಡಿ ಬಿಟ್ಟು ಮನೆಗೆ ಓಡಿದೆ.

“ಅಕ್ಕಾ, ರಾಗಿ ಹಿಟ್ಟು ಜರಡಿ ಹಿಡಿಯೋ ವಂದರೀಲಿ ಕೊಬ್ಬರಿ ಗಿಟುಕು ಇಳಿಯುತ್ತಾ?” ಎಂದೆ.

“ತುರಿದು ಹಾಕಿದ್ರೆ ಇಳಿಯುತ್ತೆ ಕಣೋ,” ಎಂದಳು ಅಕ್ಕ.

೨. ಮಡಿ

ಹಳೇಬೀಡಿನ ಕಡೆಯ ಅರ್ಚಕರೊಬ್ಬರು ಆಯಾಸ ಕಳೆಯುತ್ತದೆಂದು ಯಾರದೋ ಮಾತು ಕೇಳಿ ಇಂಥದೇ ಪಟ್ಟಿ ಕೊಂಡಿದ್ದರು. ಹದಿನೈದು ದಿನ ಬಿಟ್ಟು ಬಂದು, “ಏನೂ ಗುಣ ಕಾಣ್ತಿಲ್ಲವಲ್ಲ ಸ್ವಾಮೀ,” ಎಂದರು. ಮುಖ ಬಿಳಿಚಿಕೊಂಡಿತ್ತು. ಪಟ್ಟಿಯನ್ನು ನಂಬಿ ಬೇರೇನೋ ದೊಡ್ಡ ಕಾಯಿಲೆಯನ್ನು ಅಸಡ್ಡೆ ಮಾಡಿದ್ದಾರೇನೋ ಎಂದು ನನಗೆ ಹೆದರಿಕೆ.

“ದಿನಾ ಹಾಕ್ಕೋತೀರಾ?”

“ಹಾಕ್ಕೋತೀನಿ. ಬೆಳಿಗ್ಗೆ ಮಡಿ ಅಂತ ತೆಗೆದು ಕನ್ನಡಿಗೆ ಅಂಟಿಸ್ತೀನಿ. ಮಧ್ಯಾಹ್ನ ನೈವೇದ್ಯ ಮುಗಿಯೋವರೆಗೆ ಮಡಿ. ಸಂಜೆ ಮಂಗಳಾರತಿಗೆ ಮತ್ತೆ ಮಡಿ.”

“ಮತ್ತೆ ಮೈಮೇಲಿರೋದು ಯಾವಾಗ?”

ಅವರು ಯೋಚಿಸಿ ಹೇಳಿದರು: “ನಿಮ್ಮ ಅಂಗಡಿಗೆ ಬರೋವಾಗ.”

ಡಾಕ್ಟರ ಹತ್ತಿರ ಕಳಿಸಿದೆ. ಮನೆಗೆ ಬಂದು ಅಕ್ಕನಿಗೂ ಹೇಳಿದೆ. “ನಾನು ಸ್ನಾನಕ್ಕೂ ತೆಗೆಯಲ್ಲಪ್ಪ,” ಎಂದಳು ಹೆಮ್ಮೆಯಿಂದ.

೩. ಹಸು

ಮಾದಿಹಳ್ಳಿಯ ರೈತರೊಬ್ಬರು ಏದುಸಿರು ಬಿಡುತ್ತಾ ಬಂದರು. ಮನುಷ್ಯರಿಗೆ ಶಕ್ತಿ ಬರುವುದಾದರೆ ಹಸುವಿಗೂ ಬರಲಿ ಎಂದು ಅದರ ಪಕ್ಕೆಯ ಕೂದಲು ಬೋಳಿಸಿ ಪಟ್ಟಿ ಅಂಟಿಸಿದ್ದರಂತೆ. ಹಸು ಕತ್ತು ತಿರುಗಿಸಿ ನೆಕ್ಕಿ ನೆಕ್ಕಿ ಕಿತ್ತು ನುಂಗಿಬಿಟ್ಟಿತ್ತು. ಹಾಲು ಕರೆಯುವ ಹಸು. ಅದಕ್ಕೇನಾದರೂ ಆದರೆ ಅವರ ಮನೆ ನಡೆಯುವುದು ಹೇಗೆ? ಪೊಟ್ಟಣದ ಅಕ್ಷರವನ್ನೆಲ್ಲ ಎರಡೆರಡು ಸಲ ಓದಿದೆ. ದನದ ಡಾಕ್ಟರಿಗೆ ನಾನೇ ಫೋನ್ ಮಾಡಿ, ಹಸುವನ್ನು ನೋಡಲು ಕಳಿಸಿದೆ. ಆ ರಾತ್ರಿ ಊಟ ಸೇರಲಿಲ್ಲ.

ವಾರವಾದ ಮೇಲೆ ಆ ರೈತರು ನಗುತ್ತಾ ಬಂದರು. ಹಸು ಆರಾಮಾಗಿತ್ತು. “ಅಂಟಿಸಿದ್ರೆ ಏನೂ ಇಲ್ಲ, ನುಂಗಿದ್ಮೇಲೆ ಮೇವು ಚೆನ್ನಾಗಿ ತಿಂತೈತೆ ಕಣ್ರೀ. ಇದು ಒಳಕ್ಕೆ ಹೋಗೋ ದಾರಿ ಯಾವ್ದು ಅಂತ ನಿಮ್ಮ ಕಂಪನಿಯೋರಿಗಿಂತ ನಮ್ಮ ಹಸುಗೇ ಚೆನ್ನಾಗಿ ಗೊತ್ತೈತೆ.”

೪. ಮೆಟ್ಟಿಲು

ಪಟ್ಟಿಯಿಂದ ಬಿ-12 ದಾಟಲ್ಲವೆಂದು ಎಷ್ಟು ಹೇಳಿದರೂ ಅಕ್ಕ ಮಾತ್ರ ಜಗ್ಗಲಿಲ್ಲ. ರಾತ್ರಿ ಅವಳು ಎಡವಿದ ಸದ್ದಾದರೆ ಸಾಕು, ನಾನು ಎದ್ದು ಕೂರುತ್ತಿದ್ದೆ. ಅವಳ ಕಾಲು ಹೋದರೆ ಅದು ನಾನೇ ತಂದುಕೊಟ್ಟದ್ದು ಎಂಬ ಯೋಚನೆ ನನ್ನನ್ನು ತಿನ್ನುತ್ತಿತ್ತು.

ಮಾಲೇಕಲ್ಲು ಬೆಟ್ಟದ ವೆಂಕಟರಮಣನಿಗೆ ಮೆಟ್ಟಿಲು ಹತ್ತಿ ಬರುತ್ತೇನೆಂಬ ಹರಕೆ ಅವಳದು. ಒಂದು ಶನಿವಾರ ಜೊತೆಗೆ ಹೋದೆ. ಹತ್ತು ಮೆಟ್ಟಿಲು ಹತ್ತಿರಬೇಕು, ಅವಳ ಕಾಲು ತಪ್ಪಿತು. ತೋಳು ಹಿಡಿದುಕೊಂಡೆ, ಪಟ್ಟಿಯ ಮೇಲೆಯೇ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತು ಪಾದವನ್ನೇ ನೋಡುತ್ತಿದ್ದಳು.

“ಕಲ್ಲು ಮೆಟ್ಟಿದ್ದು ನಂಗೆ ಗೊತ್ತೇ ಆಗಲಿಲ್ಲ ಕಣೋ. ಭಯ ಆಗ್ತಿದೆ.”

ಅಕ್ಕನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ದೇವರಿಗೆ ಕೆಳಗಿನಿಂದಲೇ ಕೈಮುಗಿದು ನೇರ ಡಾಕ್ಟರ ಹತ್ತಿರ ಹೋದೆವು. ಅಕ್ಕ ಕಣ್ಣು ಮುಚ್ಚಿ ನನ್ನ ಬೆರಳು ನಜ್ಜುಗುಜ್ಜಾಗುವಂತೆ ಹಿಡಿದಳು. ಇಂಜೆಕ್ಷನ್ ಆಯಿತು. ಬಿಡದೆ ಹಾಕಿಸಿಕೊಂಡರೆ ಪಾದ ಸುಧಾರಿಸುತ್ತದೆ ಎಂದರು ಡಾಕ್ಟರು. ನನಗೆ ಕಣ್ಣಲ್ಲಿ ನೀರೇ ಬಂತು.

ಮನೆಗೆ ಬಂದು ಕಾಫಿ ಕೊಡಲು ಹೋದರೆ, ಅಕ್ಕ ಇಂಜೆಕ್ಷನ್ ಚುಚ್ಚಿದ ಜಾಗಕ್ಕೇ ಹೊಸ ಪಟ್ಟಿಯೊಂದನ್ನು ಒತ್ತಿ ಒತ್ತಿ ಅಂಟಿಸುತ್ತಿದ್ದಳು. ಲೋಟ ಕೆಳಗಿಟ್ಟೆ.

“ಅಕ್ಕಾ, ಮತ್ತೆ ಇದ್ಯಾಕೆ?”

“ಈ ಪಟ್ಟಿಯಿಂದ ಬಿ-12 ದಾಟಲ್ಲ ಅಂತ ನೀನೇ ತಾನೆ ಬಡ್ಕೊಂಡಿದ್ದು?” ಎಂದಳು. “ಅಷ್ಟು ನೋವು ತಿಂದು ಹಾಕಿಸ್ಕೊಂಡಿದೀನಿ. ಈಗ ಆ ತೂತಿಂದ ಆಚೆ ಹೇಗೆ ಬರುತ್ತೋ ನೋಡೇಬಿಡ್ತೀನಿ.”