ಉದ್ಘಾಟಕರು ಔಟಾಗದಿದ್ದುದರ ಬಗ್ಗೆ

ದೀಪಾವಳಿ ಮುಗಿದ ಮೊದಲ ಆದಿತ್ಯವಾರ ಬೆಳಿಗ್ಗೆ ಹತ್ತೂವರೆಗೆ, ಯಲಬುರ್ಗಾ ತಾಲೂಕಿನ ನಮ್ಮೂರಿನ ನವಚೇತನ ಕ್ರಿಕೆಟ್ ಕ್ಲಬ್ಬಿನ ಮೈದಾನದಲ್ಲಿ, ಮಾಜಿ ತಾಲೂಕು ಪಂಚಾಯ್ತಿ ಸದಸ್ಯರಾದ ಸನ್ಮಾನ್ಯ ಕುಬೇರಪ್ಪನವರು ಔಟಾಗಲಿಲ್ಲ. ಈ ಬಗ್ಗೆ ಕೆಲವರಲ್ಲಿ ಇನ್ನೂ ತಪ್ಪು ತಿಳಿವಳಿಕೆ ಇರುವುದರಿಂದ, ಕ್ಲಬ್ಬಿನ ಕಾರ್ಯದರ್ಶಿಯೂ ಸ್ಕೋರ್ ಬರೆಯುವವನೂ ಆದ ನಾನು ನಡೆದದ್ದನ್ನು ದಾಖಲಿಸುತ್ತಿದ್ದೇನೆ.

ನಮ್ಮ ಕಡೆ ಪಂದ್ಯ ಶುರುವಾಗಬೇಕೆಂದರೆ ಗಣ್ಯರೊಬ್ಬರು ಮೊದಲು ಒಂದು ಚೆಂಡು ಹೊಡೆಯಬೇಕು. ಬೌಲರ್ ಮಗುವಿನ ಕೈಗೆ ಉಂಡಿ ಕೊಟ್ಟ ಹಾಗೆ ಚೆಂಡು ಹಾಕಬೇಕು, ಗಣ್ಯರು ಅದನ್ನು ಬ್ಯಾಟಿನಿಂದ ಮುಟ್ಟಬೇಕು, ಜನ ಚಪ್ಪಾಳೆ ತಟ್ಟಬೇಕು, ಫೋಟೊ ಆಗಬೇಕು. ಇದಕ್ಕೆ ಉದ್ಘಾಟನೆ ಎನ್ನುತ್ತಾರೆ. ಆಮೇಲೆ ಸಮಯ ಉಳಿದರೆ ಕ್ರಿಕೆಟ್ ಆಡಬಹುದು.

ಉದ್ಘಾಟಕರಾಗಿ ಕುಬೇರಪ್ಪನವರು ಸರ್ವಾನುಮತದಿಂದ ಆಯ್ಕೆಯಾದರು. ಬೇರೆ ಹೆಸರು ಸೂಚಿಸುವ ಸ್ವಾತಂತ್ರ್ಯ ಎಲ್ಲರಿಗೂ ಇತ್ತು. ಮೈದಾನ ಮಾತ್ರ ಅವರು ಬೀಳು ಬಿಟ್ಟ ಹೊಲವಾಗಿತ್ತು.

ಬೌಲಿಂಗಿಗೆ ದುರಗೇಶನನ್ನು ನಿಲ್ಲಿಸಿದ್ದೇ ನಾವು ಮಾಡಿದ ತಪ್ಪು. ಅವನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವನು. ತಿಂಗಳಿಗೆ ಒಂದೇ ಆದಿತ್ಯವಾರ ರಜೆ. ಮಗ ಚೆಂಡಿನ ಹಿಂದೆ ಯಾಕೆ ಇಷ್ಟು ಓಡುತ್ತಾನೆಂದು ತಾಯಿ ಹುಲಿಗವ್ವನಿಗೆ ಆರು ವರ್ಷದಿಂದ ಅರ್ಥವಾಗಿರಲಿಲ್ಲ. ಆ ದಿನ ಅವನು ಅವಳನ್ನು ಕೂಲಿ ಬಿಡಿಸಿ ಕರೆತಂದು ಬೇವಿನ ಗಿಡದ ಕೆಳಗೆ ಕೂರಿಸಿದ್ದ.

"ಯವ್ವಾ, ಒಂದು ವಿಕೆಟ್ ಕೆಡವಿ ತೋರಸ್ತೀನಿ. ಅಷ್ಟು ನೋಡು, ಆಮ್ಯಾಲೆ ಬೇಕಾದಷ್ಟು ಬೈ."

ಕುಬೇರಪ್ಪನವರು ಶಾಲು, ಹಾರ ಸಮೇತ ಬ್ಯಾಟ್ ಹಿಡಿದು ನಿಂತು, "ಏ ತಮ್ಮಾ, ಮೆಲ್ಲಕ ಹಾಕಬ್ಯಾಡ. ನಾನೂ ಒಂದು ಕಾಲಕ್ಕ ಭಾಳ ಆಡೀನಿ. ಜೋರ್ ಹಾಕು!" ಎಂದರು.

ಪ್ರತಿಯೊಬ್ಬ ಗಣ್ಯರೂ ಹೀಗೆಯೇ ಹೇಳುತ್ತಾರೆ. ಅದಕ್ಕೆ ನಕ್ಕು ಮೆಲ್ಲಗೆ ಹಾಕುವುದು ಪದ್ಧತಿ. ಆದರೆ ಗಿರಣಿಯಲ್ಲಿ ದುಡಿಯುವ ಮನುಷ್ಯನಿಗೆ ಹೇಳಿದ ಕೆಲಸ ಹೇಳಿದ ಹಾಗೆ ಮಾಡಿಯೇ ರೂಢಿ. "ಆತ್ರಿ ಸಾಹೇಬ್ರ" ಎಂದು ಹದಿನೈದು ಹೆಜ್ಜೆ ಹಿಂದೆ ಹೋಗಿ ಓಡಿ ಬಂದ.

ನಡುವಿನ ಸ್ಟಂಪು ಎರಡು ಪಲ್ಟಿ ಹೊಡೆದು ಕೀಪರನ ಕಾಲ ಬಳಿ ಮಲಗಿತು. ಅಂಪೈರ್ ಗ್ಯಾನಪ್ಪ ರೂಢಿಯಂತೆ ಬೆರಳೆತ್ತಿದ. ಮೈದಾನದಲ್ಲಿ ಚಪ್ಪಾಳೆ ತಟ್ಟಿದವಳು ಹುಲಿಗವ್ವ ಒಬ್ಬಳೇ. ನನ್ನ ಆಯುಷ್ಯದಲ್ಲಿ ಅಂಥ ಚೆಂಡು ನೋಡಿರಲಿಲ್ಲ, ಮೈ ಜುಮ್ಮೆಂದಿತು. ಕಾರ್ಯದರ್ಶಿಯಾಗಿ ಅದನ್ನು ತೀವ್ರವಾಗಿ ಖಂಡಿಸುತ್ತೇನೆ.

ಕುಬೇರಪ್ಪನವರು ಕದಲಲಿಲ್ಲ. "ಉದ್ಘಾಟನೆ ಇನ್ನೂ ಆಗಿಲ್ಲ. ಆಗೋತನಕ ನಾ ಇಲ್ಲಿಂದ ಹೋಗಂಗಿಲ್ಲ. ನಾ ಔಟ್ ಅಂತ ಯಾವನಾರ ಬರದ್ರ, ನಾಳೆ ಮುಂಜಾನೆ ಇದ ಜಾಗಾದಾಗ ಟ್ರ್ಯಾಕ್ಟರ್ ಹೊಡಿಸಿ ಕಡ್ಲಿ ಬಿತ್ತಸ್ತೀನಿ."

ಕ್ಲಬ್ಬಿನ ಅಧ್ಯಕ್ಷ ವಿರುಪಾಕ್ಷಿ ಕೂಡಲೇ ಪಿಚ್ಚಿನ ಮೇಲೆಯೇ ತುರ್ತು ಸಭೆ ಕರೆದು ತ್ರಿಸದಸ್ಯ ವಿಚಾರಣಾ ಸಮಿತಿ ರಚಿಸಿದ. ದುರಗೇಶನಿಗೆ ಐದು ನಿಮಿಷದ ಗಡುವಿನ ನೋಟಿಸು ಜಾರಿಯಾಯಿತು. ಅವನು ಒಂದೇ ನಿಮಿಷದಲ್ಲಿ ಉತ್ತರಿಸಿದ್ದನ್ನು ಸಮಿತಿ ಉದ್ಧಟತನವೆಂದು ಪರಿಗಣಿಸಿತು.

"ಬೆರಳು ಯಾಕ ಎತ್ತಿದಿ?" ಎಂದು ವಿರುಪಾಕ್ಷಿ ಅಂಪೈರನನ್ನು ಕೇಳಿದ.

ಗ್ಯಾನಪ್ಪ ಸ್ವಲ್ಪ ಯೋಚಿಸಿ, "ಒಂದು ಚಾ ಹೇಳಾಕ ಎತ್ತಿದ್ದೆರಿ" ಎಂದ. ದಾಖಲೆಗೆ ಚ್ಯುತಿ ಬಾರದಂತೆ ಕೂಡಲೇ ಒಂದು ಚಹಾ ತರಿಸಿ ಅವನಿಗೆ ಕುಡಿಸಲಾಯಿತು.

ಸ್ಟಂಪು ಗಾಳಿಗೆ ತಾನಾಗಿ ಮಲಗಿತೆಂದು ಸಮಿತಿ ಕಂಡುಕೊಂಡಿತು. ಟಂಟಂ ಗಾಡಿ ಮಾಡಿಕೊಂಡು ಬಂದಿದ್ದ ಎದುರಾಳಿ ಭಾಗ್ಯನಗರ ತಂಡದ ನಾಯಕ ಮಲ್ಲೇಶ ಆಕ್ಷೇಪ ಎತ್ತಿದ. "ಎಲ್ಲಿ ಗಾಳಿರೀ? ಗುಡ್ಡದ ಮ್ಯಾಲಿನ ಫ್ಯಾನ್ ಒಂದೂ ತಿರಗವಲ್ಲದು." ಗಾಳಿಯಿಂದ ವಿದ್ಯುತ್ ತೆಗೆಯುವ ಆ ಫ್ಯಾನುಗಳು ತಿರುಗುವುದೂ ಬಿಡುವುದೂ ಕಂಪನಿಯವರ ಆಂತರಿಕ ವಿಷಯವಾದ್ದರಿಂದ ಆಕ್ಷೇಪವನ್ನು ತಳ್ಳಿಹಾಕಲಾಯಿತು. ಮಲ್ಲೇಶನ ತಂಡಕ್ಕೆ ಊಟ ನಮ್ಮ ಕಡೆಯಿಂದಲೇ ಇತ್ತು. ಅವನು ಹೋಗಿ ಟಂಟಂನಲ್ಲಿ ಕೂತ.

ಠರಾವು ಬರೆದದ್ದು ನಾನೇ. "ಸ್ಟಂಪು ಬಿದ್ದಿರುವುದಿಲ್ಲ, ಬಿದ್ದಿದ್ದರೂ ಚೆಂಡಿಗೆ ಸಂಬಂಧವಿರುವುದಿಲ್ಲ, ಸಂಬಂಧವಿದ್ದರೂ ಗಣ್ಯರಿಗೆ ಅನ್ವಯಿಸುವುದಿಲ್ಲ." ಮೈದಾನದಲ್ಲಿದ್ದವರೆಲ್ಲ ಸಹಿ ಹಾಕಬೇಕೆಂದು ಕುಬೇರಪ್ಪನವರು ಕ್ರೀಸಿನಿಂದಲೇ ಸೂಚಿಸಿದರು. ಹಾಕಿದೆವು. ಕೊನೆಗೆ ಹಾಳೆ, ಹೆಬ್ಬೆಟ್ಟಿನ ಶಾಯಿ ಡಬ್ಬಿಯ ಸಮೇತ, ಬೇವಿನ ಗಿಡದ ಕೆಳಗೆ ಹೋಯಿತು.

"ನಾ ಒತ್ತಂಗಿಲ್ಲ" ಎಂದಳು ಹುಲಿಗವ್ವ. "ನನ್ನ ಕಣ್ಣು ಛಲೋ ಅದಾವು. ನನ್ನ ಮಗ ಕೆಡವಿದ್ದು ನಾ ನೋಡೀನಿ."

ವಯಸ್ಸಿನ ಕಾರಣ, ಬಿಸಿಲಿನ ಕಾರಣ, ತಾಯಿ ಎಂಬ ಕಾರಣ, ಹೀಗೆ ಮೂರು ಕಾರಣಗಳಿಂದ ಸಾಕ್ಷಿಯನ್ನು ಅನರ್ಹಗೊಳಿಸಬಹುದೆಂದು ವಿರುಪಾಕ್ಷಿ ಸಲಹೆ ಮಾಡಿದ. ಕುಬೇರಪ್ಪನವರು ಒಪ್ಪದೆ ಟ್ರ್ಯಾಕ್ಟರಿನವನಿಗೆ ಫೋನು ಹಚ್ಚಿದರು. ಆಗ ದುರಗೇಶ ತಾನೇ ಹಾಳೆ ಹಿಡಿದು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಒತ್ತಬೇ ಯವ್ವಾ. ಇಲ್ಲಂದ್ರ ಆಡಾಕ ಜಾಗಾ ಇರಂಗಿಲ್ಲ."

"ಹಂಗಾರ ನಾ ನೋಡಿದ್ದು ಏನೋ?"

ಅವನು ಶಾಯಿ ಡಬ್ಬಿಯ ಮುಚ್ಚಳ ತೆಗೆದ. "ಉದ್ಘಾಟನೆ, ಯವ್ವಾ."

ಹುಲಿಗವ್ವ ಒತ್ತಿದಳು. ಶಾಯಿಯ ಬೆರಳನ್ನು ಅವಳು ಸೆರಗಿಗೆ ಒರೆಸಿಕೊಳ್ಳುವಾಗ ನನಗೆ ಅವಳ ಮುಖ ನೋಡಲಾಗಲಿಲ್ಲ, ನಾಚಿಕೆಯಾಯಿತು. ನಾಚಿಕೆಯನ್ನು ನಮೂದಿಸಲು ಸ್ಕೋರ್ ಪುಸ್ತಕದಲ್ಲಿ ಕಾಲಂ ಇಲ್ಲ.

ಉದ್ಘಾಟನೆ ಮುಂದುವರಿಯಿತು. ದುರಗೇಶ ಮೆಲ್ಲಗೆ ಹಾಕಿದ, ಕುಬೇರಪ್ಪನವರು ಬೀಸಿದರು, ಚೆಂಡು ಸಿಗಲಿಲ್ಲ. ಇನ್ನೂ ಮೆಲ್ಲಗೆ ಹಾಕಿದ, ಅದೂ ಸಿಗಲಿಲ್ಲ. ಹದಿನೇಳು ಚೆಂಡು ಹೀಗೇ ಹೋದವು. ಹದಿನೆಂಟನೆಯದಕ್ಕೆ ಅವನು, "ಸಾಹೇಬ್ರ, ಬ್ಯಾಟ್ ಅಲ್ಲೇ ಇಟ್ಟು ಸುಮ್ಮ ನಿಂದರ್ರಿ" ಎಂದು ಬ್ಯಾಟಿಗೇ ಗುರಿಯಿಟ್ಟು ಹಾಕಿದ. ಟಪ್ ಎಂದಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊಡೆತದ ಶೈಲಿಯನ್ನು ವಿರುಪಾಕ್ಷಿ ಮೈಕಿನಲ್ಲಿ ಕೊಂಡಾಡಿದ.

ಒಬ್ಬ ಬೌಲರನಿಗೆ ಮೂರೇ ಓವರು ಎಂಬುದು ನಮ್ಮ ನಿಯಮ. ಠರಾವಾದ ಚೆಂಡು ಬಿಟ್ಟರೂ ಹದಿನೆಂಟು, ಎಂದರೆ ಮೂರು ಓವರು. ಹಾಗಾಗಿ ಪಂದ್ಯದಲ್ಲಿ ದುರಗೇಶನಿಗೆ ಚೆಂಡು ಕೊಡಲು ಬರುವಂತಿರಲಿಲ್ಲ, ಕೊಡಲಿಲ್ಲ. ನಿಯಮ ಎಂದರೆ ನಿಯಮ. ನಾವು ಒಂಬತ್ತು ವಿಕೆಟ್‌ಗಳಿಂದ ಸೋತೆವು.

ಬ್ಯಾಟಿಗೇ ತಪ್ಪದೆ ಚೆಂಡು ಹಾಕುವ ಬೌಲರ್ ಒಬ್ಬನಿದ್ದಾನೆಂಬ ಸುದ್ದಿ ವಾರದೊಳಗೆ ಕುಷ್ಟಗಿ ದಾಟಿ ಆನೆಗೊಂದಿ ಮುಟ್ಟಿತು. ಈಗ ಸುತ್ತಲ ನಾಲ್ಕು ತಾಲೂಕಿನ ಉದ್ಘಾಟನೆಗಳಿಗೆ ದುರಗೇಶನೇ ಬೇಕು. ಗಿರಣಿಯ ಮಾಲೀಕರೂ ಎರಡು ಕಡೆ ಉದ್ಘಾಟಕರಾಗಿ ಚೆಂಡು ಮುಟ್ಟಿದ ಮೇಲೆ ಅವನಿಗೆ ಪ್ರತಿ ಆದಿತ್ಯವಾರ ರಜೆ ಮಂಜೂರಾಗಿದೆ. ಹೋದ ಕಡೆಯಲ್ಲೆಲ್ಲ ಒಂದೇ ಚೆಂಡು ಹಾಕಿ, ಶಾಲು ಹೊದಿಸಿಕೊಂಡು, ಪಂದ್ಯ ಶುರುವಾಗುವ ಮೊದಲೇ ಮುಂದಿನ ಊರಿಗೆ ಹೊರಡುತ್ತಾನೆ. ಮನೆಯಲ್ಲಿ ಶಾಲುಗಳು ನಲವತ್ತೊಂದಾಗಿವೆ.

ಮೊನ್ನೆ ಬೇವೂರಿನಲ್ಲಿ ಯಾರೋ ಹುಲಿಗವ್ವನನ್ನು, ನಿನ್ನ ಮಗ ಹೆಂಗ ಆಡ್ತಾನ ಎಂದು ಕೇಳಿದರಂತೆ.

"ಭಾಳ ಛಲೋ ಬೌಲರ್ ರೀ ಅವ" ಎಂದಳಂತೆ. "ಇವತ್ತಿನತನಕ ಒಬ್ಬರನ್ನೂ ಔಟ್ ಮಾಡಿಲ್ಲ."