ಭಾರೀ ಇಂಗ್ಲಿಷಿನ ರಜಾಚೀಟಿ

ಚಿತ್ರದುರ್ಗದ ಹತ್ತಿ ಮಂಡಿಯೊಂದರ ಗುಮಾಸ್ತ ಏಕಾಂತಪ್ಪ ಕನ್ನಡದಲ್ಲೇ ನಾಲ್ಕು ಸಾಲು ರಜಾಚೀಟಿ ಬರೆದಿದ್ದರೆ ಅವನ ಮನೆಯ ಹೆಂಚು ಉಳಿಯುತ್ತಿತ್ತು. ಆದರೆ ಆರು ತಿಂಗಳಿಂದ ಡಿಕ್ಷನರಿ ಬಾಯಿಪಾಠ ಮಾಡುತ್ತಿದ್ದವನಿಗೆ ಸಣ್ಣ ಪದಗಳು ಉಪ್ಪಿಲ್ಲದ ಸಾರಿನಂತೆ ಸಪ್ಪೆ ಎನಿಸತೊಡಗಿದ್ದವು.

ಮರುದಿನ ಹೊಸದುರ್ಗದಲ್ಲಿ ನಾದಿನಿಯ ಮದುವೆ. ಹೆಂಡತಿ ಮರುಳಸಿದ್ದಮ್ಮ ಬೆಳಿಗ್ಗೆಯೇ ಗಂಟುಮೂಟೆ ಕಟ್ಟಿದ್ದಳು. ಗಾಡಿ ಮಧ್ಯಾಹ್ನಕ್ಕೆ ಬರುವುದಿತ್ತು. 'ಮನೆಯವರೆಲ್ಲ ಸಂಭ್ರಮದಲ್ಲಿದ್ದೇವೆ, ಮೂರು ದಿನ ರಜೆ ಬೇಕು' ಎಂಬ ಮಾತಿಗೆ ಏಕಾಂತಪ್ಪ ಇಂಗ್ಲಿಷಿನ ರೇಷ್ಮೆ ಉಡಿಸಿದ. ತನ್ನ ಮನೆಯಲ್ಲಿ 'ಕಂಟೇಜಿಯಸ್ ಫೆಲಿಸಿಟಿ' ತಲೆದೋರಿದೆ ಎಂದು ಬರೆದ. ಒಬ್ಬರಿಂದ ಒಬ್ಬರಿಗೆ ಹಬ್ಬುವ ಆನಂದ ಎಂಬುದು ಅವನ ಇಂಗಿತ. ಚೀಟಿಯನ್ನು ಸಾಹುಕಾರರ ಮೇಜಿನ ಮೇಲಿಟ್ಟು, ಹತ್ತಿ ತೂಗಿಸಲು ಗೋದಾಮಿಗೆ ನಡೆದ.

ಸಾಹುಕಾರ ನಾಗರಾಜಪ್ಪನವರು ಅದನ್ನು ಬಹಳ ಹೊತ್ತು ನೋಡಿ, "ಯಾಕೋ ಕಣ್ಣು ಮಂಜು" ಎಂದು ಹಿರಿಯ ಗುಮಾಸ್ತ ಕಾಟಯ್ಯನ ಕೈಗೆ ಕೊಟ್ಟರು. ಕಾಟಯ್ಯನ ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೆ 'ಕಂಟೇಜಿಯಸ್' ಎಂಬ ಪದವನ್ನು ಅವನು ಪ್ಲೇಗಿನ ನೋಟೀಸಿನಲ್ಲಿ ಕಂಡಿದ್ದ.

"ಸಾಹುಕಾರ್ರೆ, ಅಂಟುರೋಗ. ಫೆಲಿಸಿಟಿ ಅಂತ ಹೊಸಾದು ಬಂದೈತೆ. ಹೆಸರೇ ಇಷ್ಟುದ್ದ ಐತೆ ಅಂದ್ರೆ ಪ್ಲೇಗಿಗಿಂತ ಕೆಟ್ಟದ್ದೇ ಇರಬೇಕು."

ಅರ್ಧ ಗಂಟೆಯಲ್ಲಿ ಸುದ್ದಿ ಏಕಾಂತಪ್ಪನ ಕೇರಿ ಮುಟ್ಟಿತು. ಅವನು ಮನೆಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಪಾಲಣ್ಣ, ಬಿಸಿಲು ಬಿದ್ದರೆ ರೋಗ ಸಾಯುತ್ತದೆಂದು ಏಣಿ ಹಾಕಿ ಹೆಂಚು ಇಳಿಸುತ್ತಿದ್ದ. ಎದುರುಮನೆಯ ಜುಂಜಮ್ಮ, ಮರುಳಸಿದ್ದಮ್ಮ ಮದುವೆಗೆ ತೆಗೆದಿಟ್ಟಿದ್ದ ರೇಷ್ಮೆ ಸೀರೆಯನ್ನು ಕುದಿಯುವ ಹಂಡೆಗೆ ಹಾಕಿ, ಮುದ್ದೆ ತೊಳಸುವಂತೆ ಕೋಲಿನಿಂದ ತೊಳಸುತ್ತಿದ್ದಳು.

"ಪಾಲಣ್ಣ, ನನ್ನ ಮನೆ ಮ್ಯಾಲೆ ಏನ್ ಮಾಡ್ತಿದೀಯಪ್ಪ?"

"ಅಲ್ಲೇ ನಿಂತು ಮಾತಾಡು. ರೋಗದ ಗಂಟು ಎಲ್ಲಿ ಎದ್ದೈತೆ?"

"ನನಗ್ಯಾಕೆ ಗಂಟು ಏಳ್ತೈತೆ?"

"ಮೊದಮೊದಲು ಎಲ್ಲಾರೂ ಹಂಗೇ ಅಂತಾರೆ."

ಬೇವಿನ ಮರದಡಿ ಕುಳಿತಿದ್ದ ಮರುಳಸಿದ್ದಮ್ಮ ಕಣ್ಣೊರೆಸಿಕೊಂಡಳು. "ರೋಗ ಐತೆ ಅಂತ ಮಂಡಿಗೆ ಬರ್ದು ಕೊಟ್ಟೀರಿ. ಕಟ್ಕಂಡೋಳಿಗೆ ಒಂದ್ ಮಾತು ಹೇಳಬಾರದಿತ್ತಾ?"

ಅಷ್ಟರಲ್ಲಿ ಸಾಹುಕಾರರು ಮೂಗಿಗೆ ಕರ್ಪೂರದ ಬಟ್ಟೆ ಹಿಡಿದು, ಚೀಟಿಯ ಸಮೇತ ಬಂದರು. ಏಕಾಂತಪ್ಪ ಬೆವರುತ್ತಾ ಹೇಳಿದ: "ಫೆಲಿಸಿಟಿ ಅಂದ್ರೆ ಆನಂದ, ಸಾಹುಕಾರ್ರೆ. ಮದುವೆ ಆನಂದ."

ಸೂರಿನ ಮೇಲಿಂದ ಪಾಲಣ್ಣ ಕೇಳಿದ: "ಹಂಗಾರೆ ಇವನ್ನೆಲ್ಲ ಮತ್ತೆ ಹೊದಿಸ್ಬೇಕಾ?"

ಸಾಹುಕಾರರು ಏಕಾಂತಪ್ಪನನ್ನು ಹಿತ್ತಿಲಿಗೆ ಕರೆದೊಯ್ದರು. ಕೆಲಸ ಹೋಯಿತೆಂದೇ ಅವನು ತಿಳಿದ. ಅವರು ದನಿ ತಗ್ಗಿಸಿದರು.

"ಏಕಾಂತ, ನಾಳೆ ಬೊಂಬಾಯಿ ಕಂಪನಿ ದೊರೆ ಹತ್ತಿ ನೋಡಾಕೆ ಬರ್ತಾನೆ. ಇಂಗ್ಲಿಷ್ ಬಲ್ಲೆ ಅಂತ ಊರೆಲ್ಲ ಹೇಳ್ಕಂಡೀನಿ, ನನಗೊಂದಕ್ಷರ ಬರಲ್ಲ. ನೀನು ಪಕ್ಕದಾಗೆ ಕುಂತ್ಕಂಡು ಮಾತಾಡ್ಬೇಕು."

"ನಾಳೆ ಮದುವೆ, ಸಾಹುಕಾರ್ರೆ. ರಜೆ..."

"ಇಂಥಾ ಚೀಟಿ ಬರ್ಯೋನಿಗೆ ರಜೆ ಕೊಟ್ಟು ನಾನೇನ್ ಮಾಡ್ಲಿ? ಬೆಳಿಗ್ಗೆ ಏಳಕ್ಕೇ ಬಾ."

ಮರುಳಸಿದ್ದಮ್ಮ ಹಳೇ ಸೀರೆಯಲ್ಲೇ ಗಾಡಿ ಹತ್ತಿ, ತಿರುಗಿಯೂ ನೋಡದೆ ಹೊಸದುರ್ಗಕ್ಕೆ ಹೊರಟಳು. ಬಯಲಾದ ಸೂರಿನ ಕೆಳಗೆ ಏಕಾಂತಪ್ಪ ಡಿಕ್ಷನರಿ ಬಿಚ್ಚಿ, ತಲೆ ಮೇಲೆ ಕೈಹೊತ್ತು ಕುಳಿತ. ದೊರೆಯ ಜೊತೆ ಮಾತಾಡುವುದು ಹೇಗೆಂದು ಅವನಿಗೆ ತೋಚಲಿಲ್ಲ. ಆರು ತಿಂಗಳ ಅವನ ಓದು ಇನ್ನೂ ಎಫ್ ಅಕ್ಷರವನ್ನು ದಾಟಿರಲಿಲ್ಲ.